ಕಲ್ಲಿಗೆ ನೀರು, ಲಿವರಿಗೆ ಮದ್ದು

ಉಳಿಯಣ್ಣನ ಮನೆಬಾಗಿಲಲ್ಲಿ ಮೂವತ್ತೆಂಟು ವರ್ಷ ಎರಡು ಒದ್ದೆ ಬಟ್ಟೆ ಇರುತ್ತಿದ್ದವು. ಒಂದು ಕಾಲಿಗೆ, ಒಂದು ಮುಖಕ್ಕೆ. ಕಲ್ಲು ಕೊಯ್ಯುವವನಿಗೆ ಧೂಳೆಂದರೆ ಎರಡನೇ ಚರ್ಮ; ಅದನ್ನು ಹೊಸ್ತಿಲಾಚೆಯೇ ಕಳಚಿ ಒಳಗೆ ಬರಬೇಕು ಎನ್ನುವುದು ಹೆಂಡತಿಯ ಕಟ್ಟಪ್ಪಣೆ. ಈಗ ಏಳು ತಿಂಗಳಿಂದ ಆ ಎರಡು ಬಟ್ಟೆಗಳೂ ಒಣಗಿ ತಗಡಿನಂತೆ ಸೆಟೆದುಕೊಂಡಿದ್ದವು. ಒದ್ದೆ ಮಾಡಿಡುವವಳು ಮಗಳ ಮನೆಯಲ್ಲಿದ್ದಳು.

ಮಗಳ ಮನೆ ಎರಡು ದಿನದ ರೈಲು ದಾರಿ. ಅವಳಿಗೆ ಅವಳಿ ಮಕ್ಕಳು, ತಿಂಗಳು ತುಂಬುವ ಮೊದಲೇ ಹುಟ್ಟಿದವು, ಅಂಗೈಯಗಲ. "ಮೂರು ತಿಂಗಳಲ್ಲಿ ಬಂದ್‌ಬಿಡ್ತೀನಿ ಕಣ್ರೀ, ಅಷ್ಟರಲ್ಲಿ ಮನೇನ ಕಲ್ಲಿನ ಗಣಿ ಮಾಡ್ಬೇಡಿ" ಎಂದು ಹೇಳಿ ಹೋದವಳು. ಮೂರು ಆರಾಯಿತು, ಆರು ಏಳಾಯಿತು. ಮಕ್ಕಳು ಅಂಗೈ ಬಿಟ್ಟು ತೊಡೆಗೆ ಬಂದವು. ಅಜ್ಜಿಯನ್ನು ಮಾತ್ರ ಬಿಡಲಿಲ್ಲ.

ಮನೆಯ ಹಿಂದೆಯೇ ಉಳಿಯಣ್ಣನ ಶೆಡ್ಡು. ಗೋಡೆಗೆ ಒರಗಿಸಿದ ಚಪ್ಪಡಿಗಳು, ಒಂದು ಗರಗಸದ ಯಂತ್ರ, ಒಂದು ಪಾಲಿಶ್ ಯಂತ್ರ. ಮೆಟ್ಟಿಲಿಗೆ, ಒಲೆಕಟ್ಟೆಗೆ, ಸಮಾಧಿಗೆ, ಎಲ್ಲಕ್ಕೂ ಕಲ್ಲು ಅಲ್ಲಿಂದಲೇ. ಯಾವ ಚಪ್ಪಡಿಯನ್ನು ಯಾರಿಗೇ ಕೊಡಲಿ, ನೀರು ಹಾಕಿ ನೋಡದೆ ಅವನು ಕೊಟ್ಟವನಲ್ಲ. ಒಣಗಿದ ಕಲ್ಲು ಒಳ್ಳೆಯ ಬಟ್ಟೆ ಹಾಕಿಕೊಂಡ ಮನುಷ್ಯನಂತೆ, ಒಳಗಿನದು ಕಾಣುವುದಿಲ್ಲ. ಮೇಲಿಂದ ನೀರು ಸುರಿದು ಒರೆಸಿದರೆ ಕಲ್ಲು ನಿಧಾನವಾಗಿ ಆರುತ್ತದೆ. ಎಲ್ಲ ಕಡೆ ಆರಿದ ಮೇಲೂ ಕೂದಲೆಳೆಯಷ್ಟು ಒಂದು ಗೆರೆ ಕಪ್ಪಾಗಿ ಉಳಿದರೆ ಅಲ್ಲಿ ಬಿರುಕಿದೆ ಎಂದೇ ಅರ್ಥ. ಬಿರುಕು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ.

ನೀರು ಸುರಿಯುವವಳು ಹೆಂಡತಿ, ನೋಡುವವನು ಅವನು. ಅವನಿಗೆ ಸದಾ ಆತುರ. "ಸರಿ ಇದೆ, ಎತ್ತಿ" ಎನ್ನುವಷ್ಟರಲ್ಲಿ ಅವಳು ಕೈ ಅಡ್ಡ ಹಿಡಿಯುತ್ತಿದ್ದಳು: "ಬೇಗ ನೋಡ್ಬೇಡಿ ರೀ. ಆರೋ ತನಕ ಕಾಯಿರಿ." ಅದೆಷ್ಟು ಬಿರುಕುಗಳು ಅವಳ ಆ ಒಂದು ಮಾತಿಗೆ ಸಿಕ್ಕಿಬಿದ್ದವೋ. ಈಗ ಅವನೇ ನೀರು ಸುರಿದು ಅವನೇ ನೋಡುತ್ತಿದ್ದ. ಎಡಗೈಗೂ ಬಲಗೈಗೂ ಮಾತಿರಲಿಲ್ಲ.

ದಿನಾ ಸಂಜೆ ಕೆಲಸ ಬಿಟ್ಟು ಬಾಗಿಲ ಮುಂದಿನ ಕಲ್ಲುಬೆಂಚಿನ ಮೇಲೆ ಕೂತರೆ ಫೋನು ಬರುತ್ತಿತ್ತು. ಬೆಂಚಿನ ಬಲತುದಿಯಲ್ಲಿ ಅವಳು ಕೂತು ಕೂತು ನುಣುಪಾದ ಸಣ್ಣ ತಗ್ಗು. ಅವನು ಆ ಜಾಗ ಬಿಟ್ಟೇ ಕೂರುತ್ತಿದ್ದ.

"ಉಂಡ್ರಾ?"

"ಉಂಡೆ."

"ಸುಳ್ಳು. ಇನ್ನೂ ಸೂರ್ಯ ಮುಳುಗಿಲ್ಲ, ಯಾವಾಗ ಉಂಡ್ರಿ?"

"ಮಧ್ಯಾಹ್ನದ್ದು ಹೇಳ್ದೆ."

"ನಾನು ಈಗಿಂದು ಕೇಳ್ದೆ."

"ಮಕ್ಕಳು?"

"ದೊಡ್ಡೋಳಿಗೆ ನನ್ನ ಕಿವಿ ಹಿಡ್ಕೊಂಡ್ರೇನೇ ನಿದ್ದೆ. ಚಿಕ್ಕೋನು ನಿಮ್ಮ ಹಂಗೆ, ಏನು ಕೇಳಿದ್ರೂ ಗೋಡೆ ನೋಡ್ತಾನೆ."

ಹೀಗೆ ಐದು ನಿಮಿಷ. ಕೊನೆಯಲ್ಲಿ ಪ್ರತಿದಿನವೂ ಅವನ ನಾಲಿಗೆಯ ತುದಿಗೆ ಒಂದೇ ಒಂದು ಅಕ್ಷರ ಬಂದು ಕೂರುತ್ತಿತ್ತು: 'ಬಾ'. ಕಾಗದದ ಮೇಲೆ ಬರೆದುಕೊಟ್ಟಿದ್ದನ್ನು ನೋಡಿಕೊಂಡು ಸಾವಿರಾರು ಅಕ್ಷರ ಕಲ್ಲಿನಲ್ಲಿ ಕೊರೆದವನು ಅವನು. ಈ ಒಂದಕ್ಷರ ಮಾತ್ರ ಬಾಯಿಂದ ಈಚೆ ಬರಲಿಲ್ಲ. ಅಲ್ಲಿ ಎರಡು ಹಸುಗೂಸು, ಇಲ್ಲಿ ಒಬ್ಬ ಗಟ್ಟಿಮುಟ್ಟು ಗಂಡಸು. ಯಾವ ಬಾಯಲ್ಲಿ ಕರೆಯುವುದು?

ಗಟ್ಟಿಮುಟ್ಟು ಎಂದುಕೊಂಡಿದ್ದನಷ್ಟೆ. ಯಾವುದೋ ಕಾಲದ ಕಾಮಾಲೆಯ ವೈರಸ್ಸು ಅವನ ರಕ್ತದಲ್ಲಿ ಸದ್ದಿಲ್ಲದೆ ಬೀಡುಬಿಟ್ಟಿತ್ತು. ಅದಕ್ಕೇ ಡಾಕ್ಟರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಲು ಹೇಳಿದ್ದರು. ಹೆಂಡತಿ ಇದ್ದಾಗ ಅವಳೇ ದಿನ ನೆನಪಿಟ್ಟು ಎಳೆದುಕೊಂಡು ಹೋಗುತ್ತಿದ್ದಳು. ಈ ಸಲ ಒಬ್ಬನೇ ಹೋದ. ಲಿವರಿನಲ್ಲಿ ಒಂದು ಕಲೆ ಕಂಡಿತು. ನಿಂಬೆಹಣ್ಣಿನ ಗಾತ್ರ. "ಏನು ಅಂತ ಇದರಲ್ಲಿ ತಿಳಿಯಲ್ಲ. ಎಂ.ಆರ್.ಐ. ಮಾಡಿಸಿ, ಕಾಂಟ್ರಾಸ್ಟ್ ಮದ್ದನ್ನ ಸೂಜೀಲಿ ಕೊಟ್ಟು ಚಿತ್ರ ತೆಗೀಬೇಕು" ಎಂದರು ಡಾಕ್ಟರು.

ಶೆಡ್ಡಿಗೆ ಬಂದು ಮೈದುನನಿಗೆ ಹೇಳಿದ. ಹೆಂಡತಿಯ ತಮ್ಮ ಅವನು, ಪಾಲಿಶ್ ಯಂತ್ರ ನಡೆಸುವವನು. ಬೀದಿಯವರೆಲ್ಲ ಅವನನ್ನು ಪಾಲಿಶ್ ಎಂದೇ ಕರೆಯುತ್ತಿದ್ದರು. ಯಂತ್ರಕ್ಕಿಂತ ಅವನ ನಾಲಿಗೆಯೇ ನುಣುಪು.

"ನಿಮ್ಮ ಹೊಟ್ಟೇಲಿ ಏನಿದೆ ಅಂತ ನೋಡೋಕೆ ಯಂತ್ರ ಯಾಕೆ ಭಾವ? ನಮ್ಮಕ್ಕನ್ನ ಕೇಳಿದ್ರೆ ಸಾಲ್ದಾ?"

"ಅಕ್ಕನ ಕಿವಿಗೆ ಈ ವಿಷಯ ಬಿದ್ರೆ ನಿನ್ನ ನಾಲಿಗೆಗೆ ಗರಗಸ ಹಿಡಿಸ್ತೀನಿ."

ಪಾಲಿಶ್ ಗಂಭೀರನಾದ. "ಹೇಳಲ್ಲ. ಆದ್ರೆ ಆ ಸೂಜಿ ಮಾತ್ರ ಬೇಡ ಭಾವ. ಅದು ಲೋಹದ ಮದ್ದಂತೆ. ನಮ್ಮ ಲಾರಿ ಡ್ರೈವರ್‌ನ ಮಾವನಿಗೆ ಹಾಕಿದ್ರಂತೆ, ಕಿಡ್ನೀನೇ ಹೋಯ್ತಂತೆ."

ಕಿಡ್ನಿಯ ಮಾತು ಉಳಿಯಣ್ಣನ ಕಿವಿಯನ್ನು ಸವರಿ ಹೋಯಿತು. ಲೋಹ ಎಂಬ ಮಾತು ಮಾತ್ರ ಎದೆಗೆ ನಾಟಿತು. ಯಾಕೆಂದರೆ ಲೋಹ ಕಲ್ಲಿಗೆ ಏನು ಮಾಡುತ್ತದೆ ಎಂದು ಅವನಿಗೆ ಗೊತ್ತಿತ್ತು. ಹದಿನೇಳನೇ ವಯಸ್ಸಿನಲ್ಲಿ, ಕೆಲಸ ಕಲಿಯುತ್ತಿದ್ದಾಗ, ಹಾಲಿನಂಥ ಬಿಳಿಕಲ್ಲಿನ ಮೇಲೆ ಒಂದು ಕಬ್ಬಿಣದ ಮೊಳೆ ಮರೆತು ಹೋಗಿದ್ದ. ಒಂದು ಮಳೆ ಬಂದು ಹೋಯಿತು, ಅಷ್ಟೆ. ಬೆಳಿಗ್ಗೆ ಅಲ್ಲಿ ತುಕ್ಕಿನ ಹಳದಿ ಕಲೆ. ಉಜ್ಜಿದ, ತೊಳೆದ, ಕೆರೆದ. ಕೆರೆದಷ್ಟೂ ಒಳಗಿಳಿಯಿತು. "ಲೋಹ ಕುಡಿದ ಕಲ್ಲು ಸಾಯೋ ತನಕ ಕಕ್ಕಲ್ಲ ಕಣೋ" ಎಂದಿದ್ದ ಮೇಸ್ತ್ರಿ. ನಲವತ್ತೈದು ವರ್ಷದ ಹಿಂದಿನ ಮಾತು, ಇನ್ನೂ ಕಿವಿಯಲ್ಲಿತ್ತು. ಕಲ್ಲೇ ಕಕ್ಕುವುದಿಲ್ಲ ಎಂದಮೇಲೆ ಮೆತ್ತನೆಯ ಲಿವರಿನ ಗತಿಯೇನು?

ಹಾಗಾಗಿ ಊರಿನ ಇನ್ನೊಂದು ತುದಿಯ ಸ್ಕ್ಯಾನ್ ಸೆಂಟರಿಗೆ ಹೋದ, ಗುರುತಿನವರು ಸಿಗದಿರಲಿ ಎಂದು. ಅಲ್ಲಿ ಒಂದು ಹಾಳೆ ಕೊಟ್ಟರು, ಉದ್ದಕ್ಕೆ ಪ್ರಶ್ನೆಗಳು. ಜೊತೆಗೆ ಬಂದಿದ್ದ ಪಾಲಿಶ್ ಓದುತ್ತಾ ಹೋದ. ಇವನು "ಇಲ್ಲ, ಇಲ್ಲ, ಇಲ್ಲ" ಎನ್ನುತ್ತಾ ಹೋದ, ಲಾರಿಯವನ ಚೀಟಿಗೆ ನೋಡದೆ ಸಹಿ ಹಾಕಿದಂತೆ. ಸೂಜಿಯ ಮಾತು ಬಂದಾಗ "ಅದು ಬೇಡವೇ ಬೇಡ" ಎಂದ. ಅಲ್ಲಿಯವರು ಎರಡು ಸಲ ತಿಳಿಸಿ ಹೇಳಿದರು. ಕೇಳಲಿಲ್ಲ. ಬೇಡ ಎಂದದ್ದನ್ನು ಬರೆಸಿಕೊಂಡು, ಮದ್ದಿಲ್ಲದೆ ಚಿತ್ರ ತೆಗೆದು ಕಳಿಸಿದರು.

ವರದಿ ನೋಡಿದ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಲೆ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು. ಇದರಲ್ಲೂ ಕಲೆ ಇದೆ ಅಂತಾನೇ ಇದೆ. ಒಳ್ಳೇದೋ ಕೆಟ್ಟದ್ದೋ ಖಚಿತ ಇಲ್ಲ, ಕಾಂಟ್ರಾಸ್ಟ್ ಕೊಟ್ಟು ಮತ್ತೆ ಮಾಡಿಸಿ ಅಂತ ಬರೆದಿದ್ದಾರೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಾಯಿತು. ಈಚೆಗೂ ಬೆಳಕಿಲ್ಲ, ಆಚೆಗೂ ಇಲ್ಲ.

ಐದು ವಾರ ಹಾಗೆಯೇ ಕಳೆಯಿತು. ಆ ಐದು ವಾರ ಉಳಿಯಣ್ಣ ಎರಡು ಬದುಕು ಬದುಕಿದ. ಒಂದು ದಿನ ಕಲೆ ಏನೂ ಅಲ್ಲ ಎಂದುಕೊಂಡು ಹೆಂಡತಿ ಬಂದಾಗ ಹಿತ್ತಲಿಗೆ ಹಾಸಬೇಕಾದ ಕಲ್ಲನ್ನು ಆರಿಸಿಡುತ್ತಿದ್ದ. ಮರುದಿನ ಅದೇ ಕಲ್ಲಿನ ಮುಂದೆ ನಿಂತು, ಇದರ ಮೇಲೆ ಅವಳೊಬ್ಬಳೇ ಓಡಾಡುವ ಕಾಲ ಬಂದರೆ ಎಂದು ಕೈ ಬಿಟ್ಟು ಕೂರುತ್ತಿದ್ದ. ಸಂಜೆ ಫೋನಿನಲ್ಲಿ ಮಾತ್ರ ಅದೇ "ಉಂಡೆ", ಅದೇ "ಚೆನ್ನಾಗಿದೀನಿ".

"ಧ್ವನಿ ಯಾಕೆ ಹಿಂಗಿದೆ?" ಎಂದಳು ಒಂದು ಸಂಜೆ.

"ಧೂಳು."

"ಮೂವತ್ತೆಂಟು ವರ್ಷದಿಂದ ಧೂಳಿನ ಧ್ವನಿ ಕೇಳಿದೀನಿ. ಇದು ಅದಲ್ಲ."

ಅವನು ಗೋಡೆ ನೋಡಿದ.

ಹೀಗಿರುವಾಗ ಒಂದು ಬೆಳಿಗ್ಗೆ ಸಿಸ್ಟರಮ್ಮ ಶೆಡ್ಡಿಗೆ ಬಂದಳು. ಎರಡು ಮನೆ ಆಚೆ ಅವಳ ಮನೆ. ದೊಡ್ಡಾಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ನರ್ಸು. ಇಡೀ ಬೀದಿಗೆ ಸಿಸ್ಟರಮ್ಮ. ಒಲೆಕಟ್ಟೆಗೆ ಒಂದು ಚಪ್ಪಡಿ ಬೇಕಿತ್ತು ಅವಳಿಗೆ. ಪಾಲಿಶ್ ಒಂದು ಕಪ್ಪುಕಲ್ಲನ್ನು ತಟ್ಟಿ ತೋರಿಸಿದ.

"ಕನ್ನಡಿ ನೋಡಿ ಸಿಸ್ಟರಮ್ಮ ಇದು, ಕನ್ನಡಿ! ತಲೆ ಬಾಚ್ಕೋಬಹುದು. ಇದನ್ನೇ ತಗೊಳ್ಳಿ, ಮಧ್ಯಾಹ್ನಾನೇ ಹಾಕ್ಸಿಬಿಡ್ತೀನಿ."

"ತಡಿಯೋ" ಎಂದ ಉಳಿಯಣ್ಣ. ಬಕೆಟ್ಟು ತಂದ. ನೀರು ಸುರಿದ, ಬಟ್ಟೆಯಲ್ಲಿ ಒರೆಸಿದ, ಕೈಕಟ್ಟಿ ನಿಂತ. ಕಲ್ಲು ಅಂಚಿನಿಂದ ಆರುತ್ತಾ ಬಂತು. "ಏನಿಲ್ಲ ಭಾವ, ಎತ್ತೋಣ" ಎಂದ ಪಾಲಿಶ್. ಉಳಿಯಣ್ಣನ ಬಾಯಿಂದ ತನಗೇ ತಿಳಿಯದಂತೆ ಹೆಂಡತಿಯ ಮಾತು ಬಂತು: "ಬೇಗ ನೋಡ್ಬೇಡ. ಆರೋ ತನಕ ಕಾಯಿ."

ಆರಿತು. ಎಲ್ಲ ಆರಿದ ಮೇಲೆ ಮೂಲೆಯಿಂದ ಒಳಗೆ ಗೇಣುದ್ದ ಒಂದು ಸಣ್ಣ ಗೆರೆ ಉಳಿಯಿತು.

"ಇದು ಬೇಡ ತಂಗಿ. ಬಿಸಿ ಪಾತ್ರೆ ಇಟ್ಟ ದಿನ ಎರಡಾಗುತ್ತೆ. ಬೇರೆ ಕೊಡ್ತೀನಿ."

ಸಿಸ್ಟರಮ್ಮ ಆ ಗೆರೆಯನ್ನು ಬಗ್ಗಿ ನೋಡಿದಳು. ಆಮೇಲೆ ಉಳಿಯಣ್ಣನ ಮುಖ ನೋಡಿದಳು. "ಅಣ್ಣಾ, ಒಂದು ಮಾತು. ಈ ಕಲ್ಲನ್ನ ಒಣಗಿದ್ದಾಗ್ಲೇ ನೋಡಿ ಕೊಡಬಹುದಿತ್ತಲ್ಲ, ನೀರ್ಯಾಕೆ ಸುರಿದ್ರಿ?"

"ಅದ್ಹೆಂಗಾಗುತ್ತೆ? ಒಣಕಲ್ಲು ನೋಡಿ ಯಾರಾದ್ರೂ ಕೊಡ್ತಾರಾ? ಅದು ಮೋಸ."

"ಹಂಗಾದ್ರೆ ನಿಮ್ಮ ಲಿವರನ್ನ ಯಾಕೆ ಒಣಗಿದ್ದಾಗ್ಲೇ ನೋಡಿಸ್ಕೊಂಡು ಬಂದ್ರಿ?"

ಉಳಿಯಣ್ಣ ಮೈದುನನ ಕಡೆ ತಿರುಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಪಾಲಿಶ್ ಆಗಲೇ ನಾಲಿಗೆ ಕಚ್ಚಿಕೊಂಡಿದ್ದ. "ಅಕ್ಕಂಗೆ ಹೇಳ್ಬೇಡ ಅಂದ್ರಿ. ಸಿಸ್ಟರಮ್ಮಂಗೆ ಹೇಳ್ಬೇಡ ಅಂದಿರ್ಲಿಲ್ಲ."

ಬೈಯಲು ಹೊರಟವನು ಬೈಯಲಿಲ್ಲ. ಐದು ವಾರದಿಂದ ಯಾರಾದರೂ ಕೇಳಲಿ ಎಂದು ಒಳಗೊಳಗೇ ಕಾದಿದ್ದನೇನೋ. ಮಗುಚಿದ ಬಕೆಟ್ಟಿನ ಮೇಲೆ ಕೂತ. "ಲೋಹ ತಂಗಿ ಅದು. ಕಲ್ಲಿಗೆ ಲೋಹ ತಾಗಿದ್ರೆ ಏನಾಗುತ್ತೆ ನಾನು ಬಲ್ಲೆ. ಆ ಕಲೆ ಹೋಗಲ್ಲ."

ಸಿಸ್ಟರಮ್ಮ ನಗಲಿಲ್ಲ. ಎದುರಿಗೆ ಒಂದು ತುಂಡುಕಲ್ಲಿನ ಮೇಲೆ ಕೂತಳು. "ನೀವು ಹೇಳೋದು ಅರ್ಧ ನಿಜ. ಅದರಲ್ಲಿ ಗ್ಯಾಡೊಲಿನಿಯಂ ಅನ್ನೋ ಲೋಹ ಇದೆ. ಆದ್ರೆ ಬಿಡಿಯಾಗಿ ಇರಲ್ಲ. ನಿಮ್ಮ ಗರಗಸದ ಹಲ್ಲಿಗೆ ವಜ್ರದ ಪುಡಿ ಬೆಸೆದಿರ್ತಾರಲ್ಲ, ಅದು ಉದುರುತ್ತಾ?"

"ಅಷ್ಟು ಸುಲಭಕ್ಕೆ ಉದುರಲ್ಲ."

"ಹಂಗೇ ಇದನ್ನೂ ಇನ್ನೊಂದು ಪದಾರ್ಥದಲ್ಲಿ ಭದ್ರ ಹಿಡಿದಿಟ್ಟಿರ್ತಾರೆ. ನೋಡೋಕೆ ನೀರೇ. ಬಣ್ಣ ಗಿಣ್ಣ ಏನಿಲ್ಲ. ಕೈಯ ನರಕ್ಕೆ ಕೊಡ್ತೀವಿ, ರಕ್ತದ ಜೊತೆ ಲಿವರಿಗೆ ಹೋಗುತ್ತೆ, ಕೆಲಸ ಮುಗಿಸಿ ಹೊರಗೆ ಬರುತ್ತೆ. ಒಂದೆರಡು ದಿನದಲ್ಲಿ ಹೆಚ್ಚುಕಮ್ಮಿ ಎಲ್ಲ ಮೂತ್ರದಲ್ಲಿ, ಪಿತ್ತದ ಜೊತೆ ಮಲದಲ್ಲಿ ಹೋಗಿಬಿಡುತ್ತೆ."

"ಹೆಚ್ಚುಕಮ್ಮಿ ಅಂದ್ರೆ?"

"ನಿಮ್ಮ ಹತ್ರ ಸುಳ್ಳು ಹೇಳಲ್ಲಣ್ಣ. ಕಣಕ್ಕಿಂತ ಕಣ ಒಂದಿಷ್ಟು ಮೈಯಲ್ಲಿ ಉಳೀಬಹುದು ಅಂತ ಡಾಕ್ಟರುಗಳೇ ಹೇಳ್ತಾರೆ. ಅದರಿಂದ ಕೆಡುಕಾಗಿದ್ದು ಇಲ್ಲೀತನಕ ಖಚಿತವಾಗಿ ಕಂಡಿಲ್ಲ. ಅದಕ್ಕೇ ಬೇಕಾದೋರಿಗೆ, ಬೇಕಾದಷ್ಟೇ ಕೊಡೋದು. ನಿಮಗೆ ಬೇಕಾಗಿದೆ."

"ಮತ್ತೆ ಕಿಡ್ನಿ?" ಎಂದು ಪಾಲಿಶ್ ಮೂಗು ತೂರಿಸಿದ. "ನಮ್ಮ ಡ್ರೈವರ್‌ನ ಮಾವ..."

"ಆ ಮಾವನಿಗೆ ಕಿಡ್ನಿ ಕೆಟ್ಟಿದ್ದು ಮೊದಲೋ, ಸೂಜಿ ಮೊದಲೋ?"

"ಅದು... ಕೇಳಿಲ್ಲ."

"ಕೇಳ್ಕೊಂಡು ಬಾ, ಆಮೇಲೆ ಊರಿಗೆ ಹಂಚು." ಮತ್ತೆ ಉಳಿಯಣ್ಣನ ಕಡೆ ತಿರುಗಿದಳು. "ಕಿಡ್ನಿ ತೀರಾ ಕೆಟ್ಟೋರಿಗೆ ಕೊಡುವಾಗ ನಾವು ಬಹಳ ಹುಷಾರು. ಅಂಥ ತೊಂದರೆ ಇದೆಯಾ ಅಂತ ಕೇಳ್ತೀವಿ, ಅನುಮಾನ ಇದ್ರೆ ಮೊದಲೇ ರಕ್ತ ನೋಡ್ತೀವಿ. ಬಸುರಿಯರಿಗೆ ತೀರಾ ಅಗತ್ಯ ಇಲ್ದೆ ಕೊಡಲ್ಲ. ಹಿಂದೆ ಇಂಥ ಮದ್ದಿಗೆ ಮೈ ತುರಿಸಿ, ಉಸಿರು ಕಟ್ಟಿದ್ರೆ ಅದನ್ನೂ ಹೇಳ್ಬೇಕು. ಅಂಥದ್ದು ಆಗೋದು ಅಪರೂಪ, ಆದ್ರೂ ನಾವು ಪಕ್ಕದಲ್ಲೇ ಇರ್ತೀವಿ."

"ಅದನ್ನ ಕೊಟ್ರೆ ಕಲೆ ಏನು ಅಂತ ಹೆಂಗೆ ಗೊತ್ತಾಗುತ್ತೆ?"

"ನೀವು ಈಗ ಮಾಡಿದ್ರಲ್ಲ, ಹಂಗೇ. ಒಂದೇ ಚಿತ್ರ ತೆಗೆಯಲ್ಲ. ಮದ್ದು ಕೊಡೋ ಮೊದಲು ಒಂದು. ಕೊಟ್ಟು ಅರ್ಧ ನಿಮಿಷಕ್ಕೆ ಒಂದು, ಒಂದು ನಿಮಿಷದ ಮೇಲೆ ಒಂದು, ಮೂರು ನಿಮಿಷಕ್ಕೆ ಇನ್ನೊಂದು. ಲಿವರಿಗೇ ಅಂತ ಒಂದು ಬಗೆ ಮದ್ದಿದೆ, ಅದಾದ್ರೆ ಇಪ್ಪತ್ತು ನಿಮಿಷ ಕಾದು ಮತ್ತೆ ತೆಗೀತೀವಿ. ಒಳ್ಳೆ ಲಿವರು ಆ ಮದ್ದನ್ನ ಕುಡಿದು ಬೆಳ್ಳಗೆ ಹೊಳೆಯುತ್ತೆ. ಕೆಟ್ಟ ಗಂಟು ಸಾಮಾನ್ಯವಾಗಿ ಮೊದಲು ಗಬಕ್ಕನೆ ಹೀರಿ, ಬೇಗ ಬಿಟ್ಟುಬಿಡುತ್ತೆ. ಕೊನೇಲಿ ಕಪ್ಪಗೆ ಉಳಿಯುತ್ತೆ. ನಿಮ್ಮ ಕಲ್ಲಿಗೆ ಉಲ್ಟಾ. ಆದ್ರೆ ಗುಟ್ಟು ಒಂದೇ."

"ಕಾಯೋದು" ಎಂದ ಉಳಿಯಣ್ಣ.

"ಕಾಯೋದು."

ಒಣಗಿದ ಕಲ್ಲಿನ ಮೇಲೆ ಆ ಕಪ್ಪು ಗೆರೆ ಈಗ ಸಣ್ಣಗೆ ಮಾಸುತ್ತಿತ್ತು. ಇನ್ನು ಐದು ನಿಮಿಷ ಹೋದರೆ ಅದೂ ಕಾಣುವುದಿಲ್ಲ, ಚಪ್ಪಡಿ ಮತ್ತೆ ಕನ್ನಡಿಯೇ. ಉಳಿಯಣ್ಣ ಜೇಬಿನಿಂದ ಸೀಮೆಸುಣ್ಣ ತೆಗೆದು ಗೆರೆಯ ಮೇಲೆ ಗುರುತು ಹಾಕಿದ.

"ಬರ್ತೀನಿ ತಂಗಿ. ನಿಮ್ಮಲ್ಲೇ ಮಾಡಿಸ್ತೀನಿ."

"ಹಂಗಾದ್ರೆ ಈಗ್ಲೇ ಒಂದು ಕೇಳ್ತೀನಿ. ಆ ಯಂತ್ರ ದೊಡ್ಡ ಅಯಸ್ಕಾಂತ. ಮೈಯೊಳಗೆ ಕಬ್ಬಿಣ ಇದ್ರೆ ಎಳೆಯುತ್ತೆ. ಉಳಿ ಹಿಡಿಯೋ ಕೈ ನಿಮ್ಮದು. ಕಣ್ಣಿಗೆ ಯಾವತ್ತಾದ್ರೂ ಉಳಿಯ ಚೂರು ಬಿದ್ದಿತ್ತಾ?"

ಉಳಿಯಣ್ಣ ಸೀಮೆಸುಣ್ಣ ಕೆಳಗಿಟ್ಟ. ಆ ಉದ್ದನೆಯ ಹಾಳೆಯಲ್ಲಿ ಈ ಪ್ರಶ್ನೆಯೂ ಇತ್ತು. 'ಇಲ್ಲ' ಎಂದುಬಿಟ್ಟಿದ್ದ.

"ಬಿದ್ದಿದ್ದವು. ಎಷ್ಟೋ ಸಲ."

ಸಿಸ್ಟರಮ್ಮ ಹಣೆಗೆ ಕೈ ಹಚ್ಚಿಕೊಂಡಳು. "ದೇವರು ದೊಡ್ಡೋನು ಅಣ್ಣಾ! ಒಂದು ಚೂರು ಒಳಗೆ ಕೂತಿದ್ರೆ ಅವತ್ತು ಕಣ್ಣೇ ಹೋಗ್ತಿತ್ತು. ಮೊದಲು ಕಣ್ಣಿನ ಎಕ್ಸ್‌ರೇ ತೆಗೆಸೋಣ. ಯಾವ ಕಣ್ಣು, ಯಾವಾಗ, ಚೂರು ಪೂರ್ತಿ ಈಚೆ ಬಂತಾ, ಅದೆಲ್ಲ ನೆನಪಿದೆಯಾ?"

ನೆನಪಿರಲಿಲ್ಲ. ಯಾಕೆಂದರೆ ಕಣ್ಣಿಗೆ ಚೂರು ಬಿದ್ದಾಗಲೆಲ್ಲ ಅವನು ಮಾಡುತ್ತಿದ್ದುದು ಒಂದೇ, ಕಣ್ಣು ಮುಚ್ಚಿಕೊಂಡು ಹೆಂಡತಿಯನ್ನು ಕೂಗುವುದು. ಅವಳು ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ರೆಪ್ಪೆ ಮಡಿಚಿ, ಬಟ್ಟೆಯ ತುದಿಯಿಂದ ತೆಗೆದು, 'ಉಫ್' ಎಂದು ಒಮ್ಮೆ ಊದುತ್ತಿದ್ದಳು. ಆ ಉಸಿರಿನ ತಂಪು ಒಂದೇ ಅವನಿಗೆ ನೆನಪಿದ್ದುದು.

"ಅದು ಗೊತ್ತಿರೋಳು ಅವಳೊಬ್ಬಳೇ" ಎಂದ.

ಆ ಸಂಜೆ ಫೋನು ಬರುವ ಮೊದಲು ತಾನೇ ಮಾಡಿದ. ಏಳು ತಿಂಗಳಲ್ಲಿ ಅದೇ ಮೊದಲು.

"ಏನ್ರೀ? ಏನಾಯ್ತು?" ಅವಳ ಧ್ವನಿ ಆಗಲೇ ಎದ್ದು ನಿಂತಿತ್ತು.

"ಏನಿಲ್ಲ. ನನ್ನ ಕಣ್ಣಿಗೆ ಉಳಿ ಚೂರು ಬೀಳ್ತಿತ್ತಲ್ಲ... ಯಾವುದಾದ್ರೂ ಒಳಗೇ ಉಳಿದಿತ್ತಾ?"

"ಎಡಗಣ್ಣು. ಮಗಳು ಹುಟ್ಟಿದ ವರ್ಷ. ನನ್ನ ಕೈಗೆ ಬರ್ಲಿಲ್ಲ, ಕಣ್ಣಿನ ಡಾಕ್ಟರು ತೆಗೆದ್ರು. ಪೂರ್ತಿ ಬಂತು ಅಂದಿದ್ರು. ಮೂರು ದಿನ ಪಟ್ಟಿ ಕಟ್ಕೊಂಡು, ಮಗೂನ ಒಂದೇ ಕಣ್ಣಲ್ಲಿ ನೋಡ್ತಾ ಕೂತಿದ್ರಿ." ಆಮೇಲೆ ಕೇಳಿದಳು, "ಯಾಕೆ?"

ಅವನು ಬೆಂಚಿನ ಬಲತುದಿಯ ತಗ್ಗಿನ ಮೇಲೆ ಅಂಗೈ ಇಟ್ಟ. ಗೋಡೆ ನೋಡಲಿಲ್ಲ. ಎಲ್ಲವನ್ನೂ ಹೇಳಿದ. ಕಲೆ, ಲೋಹ, ಬಿಳಿಕಲ್ಲು, ಐದು ವಾರ.

ಆಚೆ ಕಡೆ ಮಗುವೊಂದು ಕುಸುಕುಸು ಎಂದಿತು. ಅವಳು ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ.

"ಐದು ವಾರ ಒಬ್ರೇ ಕೂತು ಒಣಕಲ್ಲು ನೋಡಿದ್ರಾ?" ಎಂದಳು. "ನೀರು ಹಾಕೋಳು ನಾನೊಬ್ಬಳು ಇದೀನಿ ಅನ್ನೋದು ಮರ್ತೇಹೋಯ್ತಾ?"

"ಮರೀಲಿಲ್ಲ. ಅದೇ ಕಷ್ಟ ಆಗಿದ್ದು."

"ನಾಳೇನೇ ಎಕ್ಸ್‌ರೇ ತೆಗೆಸಿ. ಸಿಸ್ಟರಮ್ಮ ಹೇಳಿದ ದಿನಾನೇ ಆ ಸೂಜಿ ಹಾಕಿಸ್ಕೊಳ್ಳಿ. ಯಂತ್ರದೊಳಗೆ ಆತುರ ಮಾಡ್ಬೇಡಿ, ಎಷ್ಟು ಹೊತ್ತು ಅಂತಾರೋ ಅಷ್ಟು ಹೊತ್ತು ಮಲಗಿರಿ." ಹಾಗೆಯೇ ಮುಂದುವರಿಸಿದಳು. "ಇಲ್ಲಿ ಮಕ್ಕಳನ್ನ ಬೀಗಿತ್ತಿ ನೋಡ್ಕೋತಾರೆ. ಎಷ್ಟೋ ದಿನದಿಂದ ಬರ್ತೀನಿ ಅಂತಿದಾರೆ. ನೀವು ಒಂದು ಮಾತು ಕರೀಲಿ ಅಂತಾನೇ ಕಾದಿದ್ದೆ ನಾನು. ಬರ್ಲಾ?"

"ಬಾ" ಎಂದ ಉಳಿಯಣ್ಣ.

ಎಕ್ಸ್‌ರೇಯಲ್ಲಿ ಕಣ್ಣು ಶುಭ್ರವಾಗಿತ್ತು. ರಕ್ತ ಪರೀಕ್ಷೆಯಲ್ಲಿ ಕಿಡ್ನಿಯೂ ಸರಿ ಇತ್ತು. ನಾಲ್ಕನೇ ದಿನ ಬೆಳಿಗ್ಗೆ, ಹೇಳಿದಂತೆ ಏನೂ ತಿನ್ನದೆ, ಆಸ್ಪತ್ರೆಯ ಸಡಿಲ ಬಟ್ಟೆ ತೊಟ್ಟು, ಆ ಉದ್ದನೆಯ ಕೊಳವೆಯೊಳಗೆ ಮಲಗಿದ. ಕಿವಿಗೆ ಮುಚ್ಚಳ, ಕೈಗೆ ಸಣ್ಣ ನಳಿಗೆ, ಅಂಗೈಯಲ್ಲಿ ಕರೆಯುವ ಗುಂಡಿ. ಯಂತ್ರ ಕುಟ್ಟಲು ಶುರುಮಾಡಿತು, ಕೆಲಸ ಕಲಿಯದ ಹತ್ತು ಜನ ಒಟ್ಟಿಗೆ ಉಳಿ ಹೊಡೆದಂತೆ. 'ಇವರಿಗೆ ತಾಳ ಹೇಳಿಕೊಟ್ಟ ಮೇಸ್ತ್ರಿ ಯಾರಪ್ಪಾ' ಎಂದುಕೊಂಡ.

"ಅಣ್ಣಾ, ಈಗ ಮದ್ದು ಬರುತ್ತೆ. ಕೈ ತಣ್ಣಗಾಗಬಹುದು, ಅಷ್ಟೆ" ಎಂದಿತು ಸಿಸ್ಟರಮ್ಮನ ಧ್ವನಿ. "ಉಸಿರು ಎಳ್ಕೊಳ್ಳಿ... ಬಿಡಿ... ಹಿಡೀರಿ. ಅಲುಗಾಡಬೇಡಿ. ಅಲುಗಿದ್ರೆ ಚಿತ್ರ ಕಲಸಿಹೋಗುತ್ತೆ."

ಉಸಿರು ಹಿಡಿಯುವುದನ್ನು ಅವನಿಗೆ ಹೇಳಿಕೊಡಬೇಕೇ? ಅಕ್ಷರದ ತುದಿ ಕೊರೆಯುವಾಗ ಉಸಿರು ಬಿಟ್ಟರೆ ಕೊಂಬು ಮುರಿಯುತ್ತದೆ. ತೋಳಿನೊಳಗೆ ತಣ್ಣನೆಯದೊಂದು ಹರಿಯಿತು, ಥೇಟು ಬಕೆಟ್ಟಿನ ಮೊದಲ ನೀರು ಕಲ್ಲಿಗೆ ಬಿದ್ದಂತೆ. ಅವನು ಕಲ್ಲಾದ.

ಆಮೇಲೆ ಇಪ್ಪತ್ತು ನಿಮಿಷದ ಕಾಯುವಿಕೆ. ನಡುನಡುವೆ ಯಂತ್ರ ಕುಟ್ಟಿತು, ನಡುನಡುವೆ ಸುಮ್ಮನಾಯಿತು. ಅವನು ಕಣ್ಣು ಮುಚ್ಚಿದ. ಆ ಹೊತ್ತಿಗೆ ಅವಳ ರೈಲು ಎಲ್ಲಿರಬಹುದು? ಯಾವುದೋ ಸೇತುವೆಯ ಮೇಲೆ. ಕಿಟಕಿಗೆ ಹಣೆ ಹಚ್ಚಿ ಕೂತಿರುತ್ತಾಳೆ. ಏಳು ತಿಂಗಳು ಕಾದವನಿಗೆ ಇಪ್ಪತ್ತು ನಿಮಿಷ ಏನು ದೊಡ್ಡದು ಎಂದುಕೊಂಡ. ಆದರೆ ಆ ಇಪ್ಪತ್ತು ನಿಮಿಷವೇ ಏಳು ತಿಂಗಳಿಗಿಂತ ಉದ್ದವಾಗಿತ್ತು. ಬೇಗ ನೋಡಬೇಡಿ ರೀ, ಎಂದಳು ಅವಳು ಎಲ್ಲಿಂದಲೋ. ಆರುವ ತನಕ ಕಾಯಿರಿ.

ಮರುದಿನ ಮಧ್ಯಾಹ್ನ ಶೆಡ್ಡಿನ ಕೆಲಸ ಬಿಟ್ಟು, ಧೂಳಿನ ಕಾಲಲ್ಲೇ ಮನೆಯ ಹೊಸ್ತಿಲಿಗೆ ಬಂದ. ಅಂಗಾಲಿಗೆ ತಣ್ಣಗೆ ತಾಗಿತು. ಕೆಳಗೆ ನೋಡಿದ. ಬಟ್ಟೆ ಒದ್ದೆಯಾಗಿತ್ತು. ಎರಡನೆಯದು ಹಿಂಡಿ, ಮಡಿಚಿ, ಬಾಗಿಲ ಹಿಡಿಗೆ ನೇತುಹಾಕಿತ್ತು.

"ಮುಖ ಒರೆಸ್ಕೊಂಡು ಒಳಗೆ ಬನ್ನಿ" ಎಂದಿತು ಒಳಗಿನಿಂದ ಒಂದು ಧ್ವನಿ. "ಮನೆ ಅಲ್ಲ ಇದು, ಗಣಿ. ಅವತ್ತೇ ಹೇಳಿ ಹೋಗಿದ್ದೆ."

ಉಳಿಯಣ್ಣ ಆ ಬಟ್ಟೆಯನ್ನು ಮುಖಕ್ಕೆ ಹಿಡಿದವನು ಬಹಳ ಹೊತ್ತು ತೆಗೆಯಲೇ ಇಲ್ಲ.

ವರದಿಯ ದಿನ ಇಬ್ಬರೂ ಹೋದರು. ಡಾಕ್ಟರು ಪರದೆಯ ಮೇಲೆ ಚಿತ್ರಗಳನ್ನು ಸಾಲಾಗಿ ತೋರಿಸಿದರು. "ನೋಡಿ, ನಿಂಬೆಹಣ್ಣಿನ ಗಾತ್ರದ ಈ ಕಲೆ. ಮದ್ದು ಇದರೊಳಗೆ ಅಂಚಿನಿಂದ ನಿಧಾನಕ್ಕೆ ತುಂಬ್ತಾ ಬಂತು. ಇದು ರಕ್ತನಾಳದ ಒಂದು ಗಂಟು, ಅಷ್ಟೆ. ಹುಟ್ಟಿದಾಗಿಂದ ಇದ್ದರೂ ಇರಬಹುದು. ನಿರಪರಾಧಿ. ಇದನ್ನ ಮುಟ್ಟೋ ಅಗತ್ಯ ಇಲ್ಲ."

ಹೆಂಡತಿ ಉಸಿರು ಬಿಟ್ಟಳು. ಉಳಿಯಣ್ಣ ಬಿಡಲಿಲ್ಲ. ಡಾಕ್ಟರ ಬೆರಳು ಇನ್ನೂ ಪರದೆಯ ಮೇಲಿತ್ತು.

"ಆದ್ರೆ ಇಲ್ಲಿ ನೋಡಿ, ಮೂಲೇಲಿ. ಬಟಾಣಿ ಕಾಳಿನಷ್ಟು. ಅರ್ಧ ನಿಮಿಷಕ್ಕೆ ಮಿಂಚಿತು, ಮೂರು ನಿಮಿಷಕ್ಕೆ ಮಂಕಾಯ್ತು. ಇಪ್ಪತ್ತು ನಿಮಿಷಕ್ಕೆ ಸುತ್ತಲಿನ ಲಿವರೆಲ್ಲ ಹೊಳೆದರೂ ಇದೊಂದು ಕಪ್ಪಾಗಿ ಉಳೀತು. ಮದ್ದಿಲ್ಲದ ಚಿತ್ರದಲ್ಲಿ ಇದು ಕಂಡೇ ಇರಲಿಲ್ಲ. ಇದು ಕ್ಯಾನ್ಸರು. ಹೆದರಬೇಡಿ, ಮೊಳಕೆಯಲ್ಲೇ ಸಿಕ್ಕಿದೆ. ಸಣ್ಣ ಕಡ್ಡಿಯಂಥ ಸೂಜಿ ಚುಚ್ಚಿ, ಬಿಸಿಯಿಂದ ಸುಟ್ಟುಬಿಡಬಹುದು. ಇನ್ನೊಂದು ವರ್ಷ ಬಿಟ್ಟಿದ್ರೆ ಈ ಮಾತು ನಾನು ಹೇಳ್ತಿರಲಿಲ್ಲ."

ಎಲ್ಲರೂ ಹೆದರಿದ್ದ ಕಲೆ ಸಾಧು. ಯಾರೂ ಕಾಣದಿದ್ದುದು ಕಳ್ಳ.

ಸುಟ್ಟದ್ದಾಯಿತು. ಎರಡು ದಿನ ಆಸ್ಪತ್ರೆ, ಒಂದು ವಾರ ವಿಶ್ರಾಂತಿ. ಇನ್ನು ಮೇಲೆ ಕೆಲವು ತಿಂಗಳಿಗೊಮ್ಮೆ ಮದ್ದು ಕೊಟ್ಟು ಚಿತ್ರ ತೆಗೆಸಬೇಕು, ಕಾಮಾಲೆ ವೈರಸ್ಸಿಗೆ ದಿನಾ ಒಂದು ಮಾತ್ರೆ ನುಂಗಬೇಕು. ಪಾಲಿಶ್ ಡ್ರೈವರನನ್ನು ಕೇಳಿಕೊಂಡು ಬಂದ. ಮಾವನಿಗೆ ಕಿಡ್ನಿ ಕೆಟ್ಟು ಎಂಟು ವರ್ಷವಾಗಿತ್ತಂತೆ, ಆ ಸೂಜಿಯನ್ನು ಅವನಿಗೆ ಕೊಟ್ಟೇ ಇರಲಿಲ್ಲವಂತೆ. "ಹಂಗಾದ್ರೆ ಇದನ್ನೂ ಊರಿಗೆ ಹಂಚು" ಎಂದಳು ಅಕ್ಕ. ಈಗ ಹಂಚುತ್ತಿದ್ದಾನೆ, ಅದೇ ನುಣುಪು ನಾಲಿಗೆಯಲ್ಲಿ.

ನೀವೂ ಕೇಳಿ. ಲಿವರಿನ ಎಂ.ಆರ್.ಐ.ಗೆ ಕಾಂಟ್ರಾಸ್ಟ್ ಮದ್ದು ಬೇಕು ಎಂದು ಡಾಕ್ಟರು ಬರೆದರೆ ಗಾಳಿಮಾತಿಗೆ ಕಿವಿಕೊಟ್ಟು ಬೇಡ ಎನ್ನಬೇಡಿ. ಹೆದರಿಕೆ ಇದ್ದರೆ ನುಂಗಿಕೊಳ್ಳಬೇಡಿ, ಯಾಕೆ ಬೇಕು ಎಂದು ಅವರನ್ನೇ ಕೇಳಿ. ಕಿಡ್ನಿ ತೊಂದರೆ, ಬಸಿರು, ಹಿಂದೆ ಯಾವುದಾದರೂ ಮದ್ದಿಗೆ ಮೈ ಒಗ್ಗದಿದ್ದುದು, ಮೈಯೊಳಗಿನ ಲೋಹ, ಒಂದನ್ನೂ ಮುಚ್ಚಿಡಬೇಡಿ. ಆ ಉದ್ದನೆಯ ಹಾಳೆಗೆ ಲಾರಿ ಚೀಟಿಯಂತೆ 'ಇಲ್ಲ' ಎನ್ನಬೇಡಿ. ಹಳೆಯ ಕಾಮಾಲೆ ವೈರಸ್ಸು ಇದ್ದವರು ಆರು ತಿಂಗಳ ಪರೀಕ್ಷೆ ತಪ್ಪಿಸಬೇಡಿ. ಯಂತ್ರದೊಳಗೆ ಉಸಿರು ಹಿಡಿಯಿರಿ ಎಂದಾಗ ಹಿಡಿಯಿರಿ, ಕಾಯಿರಿ ಎಂದಾಗ ಕಾಯಿರಿ.

ಮತ್ತೆ, ದೂರದಲ್ಲಿ ನಿಮಗಾಗಿ ಒಂದು ಜೀವ ಕಾದಿದ್ದರೆ ಅವರಿಂದ ಮುಚ್ಚಿಡಬೇಡಿ. ಈ ಸಂಜೆಯೇ ಒಂದು ಫೋನು ಮಾಡಿ. ನೀರು ಸುರಿಯುವ ಕೈ ಜೊತೆಗಿದ್ದರೆ ಆರುವ ತನಕ ಕಾಯುವುದು ಯಾರಿಗೂ ಕಷ್ಟವಲ್ಲ.